ಮನೆಗೊಂದೇ ನಂಬರು

ದೇವನಹಳ್ಳಿ ಕಡೆಯ ಹಳ್ಳಿಗಳಿಗೆ ಸರ್ವೆಗೆ ಹೋಗುವಾಗ ಟ್ಯಾಬನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ಹೋಗಬೇಕು ಅನ್ನುವುದನ್ನು ನಾನು ಎರಡನೇ ದಿನವೇ ಕಲಿತೆ. ಏರ್‌ಪೋರ್ಟ್ ಬಂದ ಮೇಲೆ ಅಲ್ಲಿಯ ಜನ ಜಮೀನು ಅಳೆಯುವವರನ್ನು ಸಾಕುಸಾಕೆನ್ನುವಷ್ಟು ನೋಡಿದ್ದರು. ರಸ್ತೆಗೆಂದು ಅಳೆದವರು, ಕೈಗಾರಿಕೆಗೆಂದು ಅಳೆದವರು, ಲೇಔಟಿಗೆಂದು ಅಳೆದವರು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹೆಂಗಸೊಬ್ಬಳು ಬೀದಿಯಲ್ಲಿ ಕಂಡರೆ ಸಾಕು, ಜಗಲಿಯ ಮೇಲೆ ಕೂತಿದ್ದವರು ಎದ್ದು ನಿಲ್ಲುತ್ತಿದ್ದರು. ಅವರು ಏಳುತ್ತಿದ್ದದ್ದು ಮರ್ಯಾದೆಗಲ್ಲ ಎಂದು ನನಗೂ ಗೊತ್ತಾಗುತ್ತಿತ್ತು.

"ಯಾವ ಸರ್ವೆ ನಂಬರ್‌ಗೆ ಬಂದಿದೀಯಮ್ಮ?"

"ಜಮೀನಿಗಲ್ಲ ಅಣ್ಣ. ಯಾರ ಮನೇಲಿ ಮೊಬೈಲಿದೆ, ಕಂಪ್ಯೂಟರಿದೆ, ಯಾರ್ಯಾರು ಇಂಟರ್ನೆಟ್ ಬಳಸ್ತಾರೆ ಅಂತ ಕೇಳೋಕೆ."

"ಅದನ್ನ ತಿಳ್ಕೊಂಡು ಏನ್ ಮಾಡ್ತೀರ?"

ತರಬೇತಿಯಲ್ಲಿ ಹೇಳಿಕೊಟ್ಟಿದ್ದನ್ನೇ ನಾನೂ ಒಪ್ಪಿಸುತ್ತಿದ್ದೆ. ಪ್ರಪಂಚದ ದೇಶಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಇಡುತ್ತಾರೆ. ಯಾವ ದೇಶದ ಜನಕ್ಕೆ ಈ ಸೌಕರ್ಯ ಎಷ್ಟು ಸಿಕ್ಕಿದೆ, ಸಿಕ್ಕವರಲ್ಲಿ ಎಷ್ಟು ಮಂದಿ ಬಳಸುತ್ತಾರೆ ಎಂದು ಲೆಕ್ಕ ಹಾಕಿ, ಯಾರು ಮುಂದೆ ಯಾರು ಹಿಂದೆ ಎಂದು ನೋಡುತ್ತಾರೆ. ನಮ್ಮ ದೇಶದ ಲೆಕ್ಕ ನಮ್ಮಂಥವರು ಮನೆಮನೆಗೆ ಹೋಗಿ ತಂದದ್ದರಿಂದ ಆಗುತ್ತದೆ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಕೂತುಬಿಡುತ್ತಿದ್ದರು. ಜಮೀನಿಗಲ್ಲ ಅಂದಮೇಲೆ ಮಿಕ್ಕಿದ್ದು ಅವರಿಗೆ ಬೇಕಿರಲಿಲ್ಲ.

ನಾನು ದೊಡ್ಡಬಳ್ಳಾಪುರದವಳು. ಹುಟ್ಟಿದ್ದು ಮಗ್ಗದ ಮನೆಯಲ್ಲಿ, ಕೊಟ್ಟಿದ್ದೂ ಮಗ್ಗದ ಮನೆಗೇ. ಗೋಡೆಯಾಚೆ ನಾಲ್ಕು ಪವರ್‌ಲೂಮು ಬಡಿದುಕೊಳ್ಳುವ ಮನೆಯಲ್ಲಿ ಮೆಲ್ಲಗೆ ಮಾತಾಡಿದರೆ ಊಟವೂ ಸಿಗುವುದಿಲ್ಲ. ಹಾಗಾಗಿ ನನ್ನದು ದೊಡ್ಡ ಗಂಟಲು. ಕೋಪವೂ ಮೂಗಿನ ತುದಿಯಲ್ಲೇ. ಇವೆರಡರ ಜೊತೆಗೆ ನನಗೊಂದು ಜಂಬವೂ ಇತ್ತು: ನಾನು ತುಂಬಿದ ಒಂದು ಫಾರಂ ಕೂಡ ವಾಪಸ್ ಬಂದಿರಲಿಲ್ಲ. ಮೇಲ್ವಿಚಾರಕಿ ಬೇರೆಯವರಿಗೆ ಬೈಯುವಾಗ ನನ್ನ ಕಡೆ ಕೈ ತೋರಿಸುತ್ತಿದ್ದರು. ಅದನ್ನು ಮನೆಗೆ ಹೋಗಿ ಎರಡೆರಡು ಸಲ ಹೇಳಿಕೊಳ್ಳುತ್ತಿದ್ದೆ.

ಕೆಲಸದ ಕಟ್ಟುಪಾಡು ಗಟ್ಟಿಯಾಗಿತ್ತು. ಮೊದಲು ಮನೆಯ ಹಿರಿಯರ ಹತ್ತಿರ ಕೂತು ಮನೆಯಲ್ಲಿ ಏನೇನಿದೆ ಎಂದು ಬರೆದುಕೊಳ್ಳಬೇಕು. ಆಮೇಲೆ ಟ್ಯಾಬೇ ಚೀಟಿ ಎತ್ತಿದ ಹಾಗೆ ಮನೆಯವರಲ್ಲಿ ಒಬ್ಬರ ಹೆಸರನ್ನು ಎತ್ತುತ್ತದೆ. ಮುಂದಿನ ಪ್ರಶ್ನೆಗಳಿಗೆ ಅವರೇ ಉತ್ತರ ಕೊಡಬೇಕು, ಬೇರೆ ಯಾರ ಕಿವಿಗೂ ಬೀಳದ ಹಾಗೆ ಕೂತು ಕೊಡಬೇಕು. ಮನೆಯಲ್ಲಿ ಇರುವುದು ಬೇರೆ, ಬಳಸುವುದು ಬೇರೆ ಎಂದು ತರಬೇತಿಯಲ್ಲಿ ನಮಗೆ ತಿದ್ದಿ ತಿದ್ದಿ ಹೇಳಿದ್ದರು. ಮನೆ ಮುಂದೆ ಬೈಕ್ ನಿಂತಿದೆ ಅಂದಮಾತ್ರಕ್ಕೆ ಮನೆಯವರೆಲ್ಲ ಬೈಕ್ ಓಡಿಸುತ್ತಾರೆ ಎಂದು ಬರೆದುಕೊಳ್ಳುತ್ತೀರಾ ಎಂದು ಕೇಳಿದ್ದರು. ಹತ್ತೊಂಬತ್ತನೇ ಪ್ರಶ್ನೆ ಇದ್ದದ್ದೇ ಅದಕ್ಕೆ: ಕಳೆದ ಮೂರು ತಿಂಗಳಲ್ಲಿ ನೀವು ಸ್ವತಃ ಇಂಟರ್ನೆಟ್ ಬಳಸಿದ್ದೀರಾ?

ಸಾಸಲು ಕಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ನಗು ಬರುವ ಉತ್ತರಗಳು ಸಿಕ್ಕಿದ್ದವು. "ಇಂಟರ್ನೆಟ್ಟೆಲ್ಲ ಇಲ್ಲ ಮೇಡಂ, ಬರೀ ವಿಡಿಯೋ ನೋಡ್ತೀನಿ" ಅಂದವರೇ ಹೆಚ್ಚು. ಒಬ್ಬ ಅಜ್ಜಿ ತನ್ನ ಮೊಮ್ಮಗಳು ಫೋನಿನಲ್ಲಿ ಅಭಿಷೇಕ ತೋರಿಸಿದಾಗ ಕೈ ಮುಗಿದಿದ್ದನ್ನು ಹೇಳಿ, ಅದು ಬಳಸಿದ ಹಾಗೋ ಅಲ್ಲವೋ ನೀನೇ ಹೇಳು ಅಂದಿದ್ದಳು. ಅಂಥ ಕಡೆ ನಕ್ಕು, ಬಿಡಿಸಿ ಕೇಳಿ, ಫಾರಂನ ಸರಿಯಾದ ಚೌಕದಲ್ಲಿ ಗುರುತು ಹಾಕುತ್ತಿದ್ದೆ.

ಆವತಿ ದಾಟಿ ಒಳಗಡೆ ಇರುವ ಆ ಹಳ್ಳಿಗೆ ಹೋದದ್ದು ಅವರೆಕಾಯಿ ಕಾಲದಲ್ಲಿ. ನನ್ನ ಪಟ್ಟಿಯಲ್ಲಿ ಅದು ಇಪ್ಪತ್ತೇಳನೇ ಮನೆ. ಹಿಂದೆ ದ್ರಾಕ್ಷಿ ತೋಟ, ಮುಂದೆ ಹೊಸದಾಗಿ ಕಲ್ಲು ಹಾಸಿದ ಜಗಲಿ. ಜಗಲಿಯ ಮೇಲೆ ಮನೆಯ ಯಜಮಾನರು ಕೂತಿದ್ದರು. ಅರವತ್ತು ದಾಟಿದ ಮನುಷ್ಯ, ಬಿಳಿ ಷರಟಿನ ಜೇಬಿನಲ್ಲಿ ಫೋನು. ಅವರ ಮಗ ಏರ್‌ಪೋರ್ಟಿನಲ್ಲಿ ಸರಕು ಇಳಿಸಿ ಹತ್ತಿಸುವ ಕಡೆ ಶಿಫ್ಟ್ ಕೆಲಸ ಮಾಡುತ್ತಿದ್ದ, ಮನೆಯಲ್ಲಿರಲಿಲ್ಲ. ಯಜಮಾನರ ಹೆಂಡತಿ ಹೊಸಲಿನ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸೊಸೆ ಬಾಗಿಲ ಸಂದಿಯಲ್ಲಿ ಅರ್ಧ ಮಾತ್ರ ಕಾಣುತ್ತಿದ್ದಳು.

ಮನೆಯಲ್ಲಿ ಮೂರು ಫೋನುಗಳಿದ್ದವು. ಒಂದು ಯಜಮಾನರದು, ಒಂದು ಮಗನದು. ಮಗ ಹೊಸದು ಕೊಂಡಾಗ ಹಳೆಯದನ್ನು ತಾಯಿಗೆ ಕೊಟ್ಟಿದ್ದ. ತಾಯಿ ಅದನ್ನು ಎಲೆಅಡಿಕೆ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. "ನಂಗೆ ಅದ್ರಲ್ಲಿ ಮಾತಾಡೋಕೂ ಸರಿಯಾಗಿ ಬರಲ್ಲ ಕಣವ್ವ" ಅಂದರು. ಸೊಸೆಗೆ ಫೋನಿರಲಿಲ್ಲ. ಹಿಂದಿನ ವರ್ಷ ಅದೇ ಬೀದಿಯ ಹುಡುಗಿಯೊಬ್ಬಳು ಫೋನಿನಲ್ಲಿ ಪರಿಚಯವಾದವನ ಹಿಂದೆ ಹೋಗಿಬಿಟ್ಟಿದ್ದಳಂತೆ. ಅದಾದ ಮೇಲೆ ಆ ಬೀದಿಯ ಐದಾರು ಮನೆಗಳಲ್ಲಿ ಹೆಣ್ಣುಮಕ್ಕಳ ಕೈಯಿಂದ ಫೋನು ಹೋಗಿತ್ತು. ಯಜಮಾನರು ಇದನ್ನು ಮುಚ್ಚುಮರೆ ಇಲ್ಲದೆ, ಒಳ್ಳೆಯ ಕೆಲಸವೊಂದನ್ನು ಮಾಡಿದ ಹಾಗೆ ಹೇಳಿದರು.

ಟ್ಯಾಬು ಎತ್ತಿದ್ದು ಸೊಸೆಯ ಹೆಸರನ್ನೇ.

"ಅವಳ್ಗೇನ್ ಗೊತ್ತಮ್ಮ? ನಾನೇ ಹೇಳ್ತೀನಿ, ಬರ್ಕೊ. ಅವಳು ಏನೂ ಬಳಸಲ್ಲ."

"ಅವರೇ ಹೇಳ್ಬೇಕು ಅಂತ ಇದೆ ಯಜಮಾನ್ರೆ. ಐದು ನಿಮಿಷ. ಹೆಂಗಸರ ವಿಷಯಾನೂ ಒಂದೆರಡಿದೆ, ಹಿತ್ತಲಲ್ಲಿ ಕೂತು ಕೇಳ್ತೀನಿ."

ಹೆಂಗಸರ ವಿಷಯ ಅಂದರೆ ಗಂಡಸರು ಎದ್ದು ಬರುವುದಿಲ್ಲ. ಅದು ನಾನು ಕಂಡುಕೊಂಡಿದ್ದ ಉಪಾಯ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಎಲ್ಲರಿಗೂ ಓದಿ ಹೇಳುವ ಮಾತನ್ನು ಅವಳಿಗೂ ಓದಿದೆ: ನೀವು ಹೇಳಿದ್ದು ಗುಟ್ಟಾಗಿರುತ್ತದೆ, ನಿಮ್ಮ ಮನೆಯವರಿಗೂ ತಿಳಿಯುವುದಿಲ್ಲ. ಅದನ್ನು ಅಷ್ಟು ಗಮನ ಕೊಟ್ಟು ಕೇಳಿಸಿಕೊಂಡವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಹತ್ತೊಂಬತ್ತನೇ ಪ್ರಶ್ನೆಗೆ ಅವಳು ಒಂದು ಸಲ ಮನೆಯ ಕಡೆ ತಿರುಗಿ ನೋಡಿದಳು.

"ಬಳಸ್ತೀನಿ ಅಕ್ಕ. ದಿನಾ."

"ಯಾವ ಫೋನಲ್ಲಿ?"

"ಮೆಲ್ಲಗೆ ಅಕ್ಕ. ಅತ್ತೆದು. ಅವ್ರು ಮಧ್ಯಾಹ್ನ ಮಲಗಿದಾಗ ತಗೊಂಡು ನೋಡ್ತೀನಿ. ಅಡುಗೆ ವಿಡಿಯೋ ಅಂತ ಅಂದ್ಕೊಂಡವ್ರೆ."

ಅವಳು ನೋಡುತ್ತಿದ್ದದ್ದು ಪಾಠ. ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸಕ್ಕೆ ಅರ್ಜಿ ಕರೆದಿದ್ದರು. ತವರಿಗೆ ಹೋಗಿದ್ದಾಗ ಅರ್ಜಿ ಹಾಕಿ, ಅತ್ತೆಯ ನಂಬರನ್ನೇ ಕೊಟ್ಟು ಬಂದಿದ್ದಳು. ಪ್ರವೇಶಪತ್ರ ಬಂದಿತ್ತು. ಪರೀಕ್ಷೆ ಬರುವ ಭಾನುವಾರವಾದ ಮೇಲಿನ ಭಾನುವಾರ, ದೊಡ್ಡಬಳ್ಳಾಪುರದಲ್ಲಿ. ಸಾಸಲು ಹತ್ತಿರದ ತನ್ನ ತವರಿಗೆ ಎರಡು ದಿನ ಹೋಗಿ ಬರುತ್ತೇನೆಂದು ಆಗಲೇ ಕೇಳಿ ಮಾವನಿಂದ ಹ್ಞೂ ಅನ್ನಿಸಿಕೊಂಡಿದ್ದಳು. ದಾರಿಯಲ್ಲಿ ದೊಡ್ಡಬಳ್ಳಾಪುರದಲ್ಲಿ ಇಳಿದು ಪರೀಕ್ಷೆ ಬರೆಯುವುದು ಅವಳ ಲೆಕ್ಕ. ಏರ್‌ಪೋರ್ಟ್ ಪಕ್ಕ ಜಮೀನಿರುವ ಮನೆಯ ಸೊಸೆ ಕೆಲಸಕ್ಕೆ ಹೋಗುವುದು ಅಂದರೆ ಮಾವನಿಗೆ ಮೈಯೆಲ್ಲ ಉರಿಯುತ್ತಿತ್ತಂತೆ. ಗಂಡ ಅಪ್ಪನ ಮಾತಿಗೆ ಎದುರಾಡುವವನಲ್ಲ.

"ಮುಂದಿನ ಸಲಕ್ಕೆ ನಂಗೆ ವಯಸ್ಸು ಮೀರೋಗ್ತದೆ ಅಕ್ಕ. ಇದೊಂದೇ ಇರೋದು. ಗೊತ್ತಾದ್ರೆ ಕಳ್ಸಲ್ಲ ನನ್ನ."

ಇಪ್ಪತ್ತನೇ ಪ್ರಶ್ನೆ ಯಾವುದಕ್ಕೆ ಬಳಸುತ್ತೀರಿ ಎಂಬುದು. 'ಓದು, ಪರೀಕ್ಷೆ ತಯಾರಿ' ಎಂಬ ಸಾಲಿಗೆ ಗುರುತು ಹಾಕಿದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಮಾವ ಇಲ್ಲ ಅಂದದ್ದನ್ನು ನಾನು ಹೌದು ಎಂದು ಬರೆದುಕೊಂಡಿದ್ದೆ. ಹಿತ್ತಲಿಗೆ ಕರೆದುಕೊಂಡು ಬಂದದ್ದು ನನ್ನ ಜಾಣತನ ಎಂದು ಬೀಗುತ್ತಲೇ ಎದ್ದೆ.

ಆಮೇಲೆ ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಫಾರಂ ಮುಗಿಯಬೇಕಾದರೆ ಕೊನೆಗೆ ಒಂದು ಫೋನ್ ನಂಬರು ಹಾಕಬೇಕು. ಅವಳಿಗೆ ತನ್ನದು ಎಂಬ ನಂಬರಿಲ್ಲ. ನಾನು ಹಿತ್ತಲಿನಿಂದಲೇ ನನ್ನ ಮಗ್ಗದ ಮನೆಯ ಗಂಟಲಿನಲ್ಲಿ "ಮನೆ ನಂಬರ್ ಹೇಳಿ ಯಜಮಾನ್ರೆ" ಎಂದು ಕೂಗಿದೆ. ಅವರು ಜಗಲಿಯಿಂದ ತಮ್ಮ ನಂಬರು ಹೇಳಿದರು. ಬರೆದುಕೊಂಡೆ. ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮ ಕಡೆ ಯಾವ ಮನೆಗೆ ಹೋದರೂ ಹಾಗೆಯೇ. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಮಕ್ಕಳ ಶಾಲೆಗೆ, ಸೊಸೆಯ ಬ್ಯಾಂಕಿಗೆ, ಎಲ್ಲದಕ್ಕೂ ಮನೆಗೊಂದೇ ನಂಬರು, ಅದು ಯಜಮಾನರ ಜೇಬಿನಲ್ಲಿರುತ್ತದೆ. ನಮ್ಮ ಮನೆಯಲ್ಲೂ ನನ್ನ ಗಂಡನದೇ ಮನೆ ನಂಬರು. ಅದನ್ನು ವಿಚಿತ್ರ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಮುಂದಿನ ವಾರ ಬುಧವಾರ ಬೆಳಿಗ್ಗೆ ಮೇಲ್ವಿಚಾರಕಿ ಫೋನ್ ಮಾಡಿದರು. ತುಂಬಿದ ಫಾರಂಗಳಲ್ಲಿ ಕೆಲವನ್ನು ಆರಿಸಿ, ಬೆಂಗಳೂರಿನ ಕಚೇರಿಯಿಂದ ಆ ಮನೆಗಳಿಗೆ ಫೋನ್ ಮಾಡಿ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ ತಾಳೆ ನೋಡುತ್ತಾರೆ. ನಾವು ಮರದ ಕೆಳಗೆ ಕೂತು ಸುಮ್ಮನೆ ತುಂಬಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೆ.

"ನಿನ್ನ ಪಟ್ಟೀಲಿ ಮೂರು ಮನೆ ಬಂದಿದೆ ಕಣೇ. ಒಂಬತ್ತು, ಇಪ್ಪತ್ತೇಳು, ಮೂವತ್ತೊಂದು. ಇವತ್ತು ಹನ್ನೆರಡರ ಮೇಲೆ ಮಾಡ್ತಾರೆ. ನಿನ್ನದು ಬಿಡು, ಯೋಚನೆಯೇ ಇಲ್ಲ."

ಇಪ್ಪತ್ತೇಳು ಅಂದದ್ದೇ ಅದು ಆ ಸೊಸೆಯ ಮನೆ ಎಂದು ಹೊಳೆಯಿತು. ಅವರು ಯಾವ ನಂಬರಿಗೆ ಮಾಡುತ್ತಾರೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಆದರೂ ಕೇಳಿದೆ.

"ನೀನು ಬರೆದಿರೋ ನಂಬರಿಗೆ. ಇನ್ಯಾವುದಕ್ಕೆ ಮಾಡ್ತಾರೆ?"

"ಮೇಡಂ, ಆ ಇಪ್ಪತ್ತೇಳನೇ ಮನೆ ಬಿಟ್ಬಿಡಿ ಅಂತ ಹೇಳೋಕಾಗುತ್ತಾ?"

"ಯಾಕೆ? ನೀನೂ ಮನೇಲಿ ಕೂತ್ಕೊಂಡು ತುಂಬೋಕೆ ಶುರು ಮಾಡಿದ್ಯಾ?"

ಕಾರಣ ಹೇಳಿದರೆ ಅವಳ ಗುಟ್ಟನ್ನು ಇನ್ನೊಬ್ಬರಿಗೆ ಹೇಳಿದ ಹಾಗೆ. ಏನೂ ಇಲ್ಲ ಎಂದು ಹೇಳಿ ಇಟ್ಟುಬಿಟ್ಟೆ. ಅವಳಿಗಾದರೂ ಮೊದಲೇ ತಿಳಿಸೋಣವೆಂದರೆ ನನ್ನ ಹತ್ತಿರ ಆ ಮನೆಯ ನಂಬರು ಒಂದೇ ಇತ್ತು, ಅದು ಮಾವನದು. ಫೋನುಗಳ ಲೆಕ್ಕ ತೆಗೆಯಲು ಊರೂರು ತಿರುಗಿದ ನನಗೆ ಒಬ್ಬ ಹೆಂಗಸಿಗೆ ಒಂದು ಮಾತು ಮುಟ್ಟಿಸಲು ದಾರಿಯಿರಲಿಲ್ಲ. ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿಗೆ ಓಡಿದೆ.

ದೇವನಹಳ್ಳಿ ಬಸ್ಸು ಹೊರಡುವಾಗಲೇ ಹತ್ತೂವರೆ. ಕಂಡಕ್ಟರ್ ಜನ ಸಾಲದು ಎಂದು ಒಂದೊಂದು ಸ್ಟಾಪಿನಲ್ಲೂ ಕೂಗಿ ಕರೆಯುತ್ತಿದ್ದ. ಅವನ ಮೇಲೆ ರೇಗಿದೆ. "ಏನಕ್ಕ, ಏರೋಪ್ಲೇನ್ ಹಿಡೀಬೇಕಾ?" ಎಂದು ಕೇಳಿ ಬಸ್ಸನ್ನೆಲ್ಲ ನಗಿಸಿದ. ದೇವನಹಳ್ಳಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಆವತಿಯಲ್ಲಿ ಇಳಿದಾಗ ಹನ್ನೊಂದು ಮುಕ್ಕಾಲು. ಅಲ್ಲಿಂದ ಒಳದಾರಿಗೆ ಆಟೋ ಸಿಗಲಿಲ್ಲ. ಅರ್ಧ ನಡೆದೆ, ಅರ್ಧ ಓಡಿದೆ. ಮೇಲೆ ವಿಮಾನಗಳು ಚಕ್ರ ಇಳಿಸಿಕೊಂಡು ಹೋಗುತ್ತಿದ್ದವು. ನಾನು ನೋಡುತ್ತಿದ್ದದ್ದು ಕೈಯ ಗಡಿಯಾರವನ್ನು ಮಾತ್ರ.

ಯಜಮಾನರು ಜಗಲಿಯ ಮೇಲೆಯೇ ಇದ್ದರು. ಫೋನು ಜೇಬಿನಲ್ಲಿತ್ತು. ಅವರ ಮುಖ ನೋಡಿದೆ. ಕರೆ ಇನ್ನೂ ಬಂದಿಲ್ಲ ಎಂದು ಗೊತ್ತಾಯಿತು.

"ಏನಮ್ಮ, ಮತ್ತೆ ಬಂದ್ಬಿಟ್ಟೆ?"

"ಮನೆ ಫೋಟೋ ಸರಿಯಾಗಿ ಬಂದಿಲ್ಲ ಯಜಮಾನ್ರೆ. ಇನ್ನೊಂದು ತೆಗೀಬೇಕು. ಒಂದ್ ಲೋಟ ನೀರು ಸಿಗುತ್ತಾ? ನಾನೇ ಒಳಗೋಗಿ ಕುಡೀತೀನಿ, ಬಿಡಿ."

ಸೊಸೆಯ ಹತ್ತಿರ ಒಂದು ನಿಮಿಷ ಸಿಕ್ಕಿದ್ದರೆ ಸಾಕಾಗಿತ್ತು. ಆದರೆ ಅತ್ತೆ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ತಾವೇ ಎದ್ದರು. ನೀರು ತಂದುಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತರು. ಲೋಟ ಕೆಳಗಿಟ್ಟೆ, ಅವರು ಮತ್ತೆ ಮೊರದ ಮುಂದೆ ಕೂತರು, ಅಷ್ಟರಲ್ಲಿ ಯಜಮಾನರ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ನಮ್ಮ ಕಡೆಯ ಗಂಡಸರು ಫೋನನ್ನು ಕಿವಿಗೆ ಇಟ್ಟುಕೊಳ್ಳುವುದಿಲ್ಲ. ಸ್ಪೀಕರಿಗೆ ಹಾಕಿ, ಅಂಗೈ ಮೇಲೆ ಇಟ್ಟುಕೊಂಡು, ಬೀದಿಗೆಲ್ಲ ಕೇಳಿಸುವಂತೆ ಮಾತಾಡುತ್ತಾರೆ. ನಗರದ ಹುಡುಗಿಯೊಬ್ಬಳ ದನಿ ಸರ್ವೆಯ ಹೆಸರು ಹೇಳಿ, ಸೊಸೆಯ ಹೆಸರು ಹೇಳಿ, ಅವರಿಗೆ ಫೋನ್ ಕೊಡುತ್ತೀರಾ ಎಂದು ಕೇಳಿತು. ಯಜಮಾನರು ಫೋನನ್ನು ಕೊಡಲಿಲ್ಲ. ಜಗಲಿಯ ಕಲ್ಲಿನ ಮೇಲೆ ಇಟ್ಟು ಸೊಸೆಯನ್ನು ಕರೆದರು.

ಅವಳು ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು. ನಾನು ತಲೆ ಅಲ್ಲಾಡಿಸಿದೆನೋ ಕಣ್ಣು ಮಿಟುಕಿಸಿದೆನೋ ನೆನಪಿಲ್ಲ. ಏನು ಮಾಡಿದರೂ ಅದರಿಂದ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ.

ಹೆಸರು, ವಯಸ್ಸು, ಓದು ಎಲ್ಲ ಆಯಿತು. ಆಮೇಲೆ ಹತ್ತೊಂಬತ್ತನೇ ಪ್ರಶ್ನೆ ಬಂತು. ಕಳೆದ ಮೂರು ತಿಂಗಳಲ್ಲಿ ನೀವು ಸ್ವತಃ ಇಂಟರ್ನೆಟ್ ಬಳಸಿದ್ದೀರಾ? ಅತ್ತೆಯ ಕೈಯಲ್ಲಿ ಅವರೆಕಾಯಿ ಸಿಪ್ಪೆ ಬಿಡುವ ಸದ್ದು ಕೂಡ ನಿಂತಿತು.

"ಇಲ್ಲ" ಅಂದಳು ಸೊಸೆ.

"ಇಲ್ವಾ ಮೇಡಂ? ಇಲ್ಲಿ ಹೌದು ಅಂತ ಇದೆಯಲ್ಲ. ದಿನಾಲೂ ಬಳಸ್ತೀರಿ ಅಂತ ಇದೆ. ಮುಂದಿನ ಪ್ರಶ್ನೆಗೆ, ಯಾವುದಕ್ಕೆ ಅಂದ್ರೆ..."

"ಆ ಫಾರಂ ತುಂಬಿದ್ದು ನಾನು!" ಎಂದು ಕೂಗಿಬಿಟ್ಟೆ. ನಾಲ್ಕು ಮಗ್ಗದ ಸದ್ದನ್ನು ಮೀರಿಸುವ ಗಂಟಲು ಆವತ್ತು ಒಂದು ಸಲವಾದರೂ ಕೆಲಸಕ್ಕೆ ಬಂತು. "ತಪ್ಪು ನಂದು ಮೇಡಂ. ಇಲ್ಲ ಅನ್ನೋ ಕಡೆ ಹೌದು ಅಂತ ಒತ್ಬಿಟ್ಟಿದೀನಿ. ಅದ್ರಿಂದ ಮುಂದಿಂದೂ ಎಲ್ಲ ತಪ್ಪಾಗಿದೆ. ಅವ್ರು ಏನೂ ಬಳಸಲ್ಲ."

ಆ ದನಿ ತಣ್ಣಗಾಯಿತು. "ನೀವು ಅಲ್ಲಿ ಏನ್ ಮಾಡ್ತಿದೀರಿ? ಮರುಪರಿಶೀಲನೆ ಟೈಮಲ್ಲಿ ನೀವು ಅಲ್ಲಿರೋ ಹಾಗಿಲ್ಲ ಅಂತ ಗೊತ್ತಿಲ್ವಾ?"

ಗೊತ್ತಿತ್ತು. ಗೊತ್ತಿದೆ ಅಂದೆ. ಹಾಗಾದರೆ ಇಲ್ಲ ಎಂದೇ ಹಾಕಿಕೊಳ್ಳುತ್ತೇನೆ ಎಂದು ಆ ಹುಡುಗಿ ಫೋನಿಟ್ಟಳು.

ಯಜಮಾನರು ಫೋನನ್ನು ಜೇಬಿಗೆ ಹಾಕಿಕೊಂಡರು. ಅವರು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ತಿರುಗಿ ಕೂಗಾಡಲು ನನಗೂ ಬರುತ್ತದೆ. ಅವರು ಸೊಸೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ನಿಜವಾಗ್ಲೂ ಏನೂ ನೋಡಲ್ವೇನಮ್ಮ ನೀನು?"

"ಇಲ್ಲ ಮಾವ."

"ಅವಳ್ಗೆಲ್ಲಿ ಪುರುಸೊತ್ತು?" ಎಂದು ಅತ್ತೆ ಮೊರದಿಂದ ತಲೆ ಎತ್ತದೆ ಹೇಳಿದರು. "ಫೋನು ನನ್ ಸೊಂಟ ಬಿಟ್ಟು ಎಲ್ಲೋಗುತ್ತೆ?"

ಯಜಮಾನರು ನನ್ನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. ಬಸ್ಸಿನಲ್ಲಿ ಬೆವರಿ, ಓಡಿ, ಟ್ಯಾಬೂ ಇಲ್ಲದೆ ಫೋಟೋ ತೆಗೆಯಲು ಬಂದ ಹೆಂಗಸನ್ನು ನಂಬುವಷ್ಟು ದಡ್ಡರಾಗಿರಲಿಲ್ಲ ಅವರು.

"ಭಾನ್ವಾರ ತವರಿಗೆ ಅಂದ್ಯಲ್ಲ. ಒಬ್ಳೇ ಹೋಗೋದ್ ಬೇಡ. ನಿಮ್ಮತ್ತೇನೂ ಬರ್ತಾಳೆ. ಜೊತೇಲೇ ಹೋಗಿ, ಜೊತೇಲೇ ಬನ್ನಿ."

ಸೊಸೆ ಹ್ಞೂ ಅಂದು ಒಳಗೆ ಹೋದಳು. ಅವಳ ಮುಖವನ್ನು ನಾನು ನೋಡಿದೆ. ಅದನ್ನು ನೋಡದೇ ಇದ್ದಿದ್ದರೆ ಚೆನ್ನಾಗಿತ್ತು. ಗುಟ್ಟಾಗಿರುತ್ತದೆ ಎಂದು ಬಾಯಿಬಿಟ್ಟು ಓದಿ ಹೇಳಿದವಳು ನಾನು. ನಾನು ಆ ಮನೆಗೆ ಕಾಲಿಡದೇ ಇದ್ದಿದ್ದರೆ ಅವಳು ಒಬ್ಬಳೇ ಬಸ್ಸು ಹತ್ತುತ್ತಿದ್ದಳು.

ಮರುದಿನ ಮೇಲ್ವಿಚಾರಕಿ ನನ್ನನ್ನು ಕರೆಸಿದರು. ನಾನು ತುಂಬಿದ ಎಲ್ಲ ಫಾರಂಗಳನ್ನೂ ಮತ್ತೆ ತಾಳೆ ನೋಡುತ್ತಾರೆ, ಅಲ್ಲಿಯವರೆಗೆ ಕೆಲಸ ಬೇಡ ಅಂದರು. ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ, ಮುಖ ತಿರುಗಿಸಿಕೊಂಡರು. ನನ್ನ ಜಂಬ ಅಲ್ಲಿಗೆ ಮುಗಿಯಿತು. ಟ್ಯಾಬು ಒಪ್ಪಿಸಿದ ಚೀಟಿಯಲ್ಲಿ ಸಹಿ ಮಾಡಿ, ಕೆಳಗೆ ಫೋನ್ ನಂಬರ್ ಬರೆಯುವ ಜಾಗದಲ್ಲಿ ಬರೆದೆ. ಬರೆದ ಮೇಲೆ ನೋಡಿದರೆ ಅದು ನನ್ನ ಗಂಡನ ನಂಬರು. ನನ್ನ ಫೋನು ನನ್ನ ಚೀಲದಲ್ಲೇ ಇತ್ತು. ಹೊಡೆದುಹಾಕಿ ನನ್ನದನ್ನು ಬರೆದೆ. ಬರೆಯುವಾಗ ಎರಡು ಅಂಕಿ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂರಲಾಗಲಿಲ್ಲ. ಅವಳು ಬರುವುದಿಲ್ಲ ಎಂದು ಗೊತ್ತಿದ್ದರೂ ಪರೀಕ್ಷೆ ನಡೆಯುವ ಕಾಲೇಜಿನ ಎದುರು ಹೋಗಿ ನಿಂತೆ. ಗೇಟಿನ ಹತ್ತಿರ ಪೊಲೀಸರು, ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನಂಬರು ಹುಡುಕುವ ಹುಡುಗ ಹುಡುಗಿಯರು, ಮಗು ಎತ್ತಿಕೊಂಡು ನಿಂತ ಗಂಡಂದಿರು. ನಾನು ರಸ್ತೆಯ ಈಚೆ ಟೀ ಅಂಗಡಿಯ ನೆರಳಿನಲ್ಲಿ ನಿಂತಿದ್ದೆ. ಗೇಟ್ ಹಾಕಲು ಹದಿನೈದು ನಿಮಿಷ ಉಳಿದಾಗ ಬಸ್‌ಸ್ಟ್ಯಾಂಡಿನ ಕಡೆಯಿಂದ ಬಂದ ಆಟೋದಿಂದ ಇಬ್ಬರು ಹೆಂಗಸರು ಇಳಿದರು. ಮುಂದೆ ಅತ್ತೆ, ಹಿಂದೆ ಸೊಸೆ.

ಮೊದಲು ನನಗನ್ನಿಸಿದ್ದು, ಅತ್ತೆ ಅವಳನ್ನು ಹಿಡಿದುಬಿಟ್ಟರು ಎಂದು. ಆದರೆ ಅತ್ತೆ ಅವಳ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು, ಬೆನ್ನ ಮೇಲೆ ಕೈಯಿಟ್ಟು ಗೇಟಿನ ಕಡೆ ನೂಕಿದರು. ಸೊಸೆ ನನ್ನನ್ನು ನೋಡಿದಳು. ನಿಲ್ಲಲಿಲ್ಲ. ತಪಾಸಣೆಯ ಸಾಲಿನಲ್ಲಿ ಹೋಗಿ ನಿಂತಳು. ಸಾಲು ಉದ್ದವಿತ್ತು.

ಅತ್ತೆ ನನ್ನ ಗುರುತು ಹಿಡಿದು ರಸ್ತೆ ದಾಟಿ ಬಂದರು.

"ನೀನೂ ಬಂದ್ಯಾ? ಒಳಕ್ಕೆ ಫೋನ್ ಬಿಡಲ್ವಂತೆ. ನಾನ್ ಹಿಡ್ಕೊಂಡಿದೀನಿ."

"ನಿಮ್ಗೆ ಯಾವಾಗಿಂದ ಗೊತ್ತಿತ್ತಮ್ಮ?"

"ಮೊದ್ಲಿಂದ್ಲೂ. ಅವಳು ಏನ್ ನೋಡ್ತಾಳೆ ಅಂತ ತಿಳಿಯೋಕೆ ನಂಗೆ ಓದೋಕ್ ಬರ್ಬೇಕಾ? ಅಡುಗೆ ನೋಡೋರು ನೋಟ್‌ಬುಕ್ ಇಟ್ಕೊಂಡು ಪುಟಗಟ್ಲೆ ಬರ್ಕೊತಾರಾ? ನಂಗೆ ಮಧ್ಯಾಹ್ನ ನಿದ್ದೆ ಬಂದು ಎಷ್ಟ್ ವರ್ಷ ಆಯ್ತೋ. ಕಣ್ಮುಚ್ಕೊಂಡು ಮಲಗಿರ್ತಿದ್ದೆ. ಪರೀಕ್ಷೆ ಯಾವತ್ತು, ಎಲ್ಲಿ ಅಂತ ಅವಳೇ ಗೊಣಗ್ಕೊಳ್ತಿದ್ದದ್ದು ಕಿವಿಗ್ ಬಿದ್ದಿತ್ತು."

"ಅವ್ಳಿಗೆ ಹೇಳಿದ್ರಾ?"

"ಈಗ ಬಸ್ಸಲ್ಲಿ ಹೇಳ್ದೆ. ತವರಿಗೆ ಟಿಕೆಟ್ ತಗೊಳೋಕ್ ಹೋದ್ಲು. ದೊಡ್ಡಬಳ್ಳಾಪುರಕ್ಕೇ ತಗೋ ಅಂದೆ. ದಾರಿ ಪೂರ್ತಿ ಅತ್ಕೊಂಡ್ ಬಂದ್ಲು, ಓದಿದ್ದೆಲ್ಲ ಮರ್ತೋಗುತ್ತೆ ಅಂತ ಬೈದೆ."

ಆ ಮನೆಯ ಫಾರಂನಲ್ಲಿ ಇವರ ಹೆಸರಿನ ಮುಂದೆ 'ಫೋನ್ ಇದೆ, ಬಳಸಲು ಬರುವುದಿಲ್ಲ' ಎಂದು ನಾನೇ ಗುರುತು ಹಾಕಿದ್ದೆ. ಅದು ತಪ್ಪೂ ಅಲ್ಲ. ಅವರು ಮಾಡಿದ್ದಕ್ಕೆ ಗುರುತು ಹಾಕಲು ನನ್ನ ಟ್ಯಾಬಿನಲ್ಲಿ ಯಾವ ಚೌಕವೂ ಇರಲಿಲ್ಲ.

ಅಷ್ಟರಲ್ಲಿ ಎಲೆಅಡಿಕೆ ಚೀಲದೊಳಗೆ ಫೋನು ಹೊಡೆದುಕೊಂಡಿತು. ಅತ್ತೆ ದಾರ ಬಿಚ್ಚಿ ಈಚೆ ತೆಗೆದು ನನ್ನ ಮುಖದ ಮುಂದೆ ಹಿಡಿದರು. ಯಜಮಾನರ ಫೋಟೋ.

"ಅವ್ರೇ ಅಲ್ವಾ?"

"ಹೌದು."

"ಗೇಟ್ ಹಾಕಿದ್ರಾ?"

ಸೊಸೆ ಇನ್ನೂ ಸಾಲಿನಲ್ಲಿದ್ದಳು. ಅವಳ ಮುಂದೆ ಏಳೆಂಟು ಜನ. ಇಲ್ಲ ಅಂದೆ. ಅತ್ತೆ ಫೋನನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡರು. ಅದು ಹೊಡೆದು ನಿಂತಿತು. ಮತ್ತೆ ಹೊಡೆಯಿತು. ತವರು ಮುಟ್ಟಿದರಾ ಎಂದು ಕೇಳಲು ಮಾಡುತ್ತಿರಬಹುದು, ಸಾಸಲಿನ ಬೀಗರಿಗೂ ಮಾಡಿ ಕೇಳಿರಬಹುದು. ಹೆದ್ದಾರಿಯಲ್ಲಿ ಬೈಕ್ ಹಾಕಿದರೆ ಎಷ್ಟು ಹೊತ್ತಾದೀತು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮೂರನೇ ಸಲ ಹೊಡೆದುಕೊಂಡಾಗ ಸೊಸೆ ತಪಾಸಣೆ ಮುಗಿಸಿ, ತಲೆಗೂದಲು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಅವಳ ಹಿಂದೆ ಓಡಿಬಂದ ಇಬ್ಬರನ್ನು ಒಳಗೆ ಬಿಟ್ಟು ಪೊಲೀಸರು ಗೇಟನ್ನು ಎಳೆದರು.

"ಹಾಕಿದ್ರಾ?"

"ಹಾಕಿದ್ರು."

"ಇನ್ನು ಯಾರ್ ಬಂದ್ರೂ ತೆಗೆಯಲ್ವಾ?"

"ತೆಗೆಯಲ್ಲ. ಪರೀಕ್ಷೆ ಮುಗಿಯೋಗಂಟ ತೆಗೆಯಲ್ಲ."

"ಹಂಗಾದ್ರೆ ಒತ್ತಿ ಕೊಡು. ನಂಗೆ ಕೆಂಪು ಯಾವ್ದು, ಹಸಿರು ಯಾವ್ದು ಅಂತ ಈ ಗಾಬ್ರೀಲಿ ಗೊತ್ತಾಗಲ್ಲ."

ಒತ್ತಿ ಕೊಟ್ಟೆ. ಅವರು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡರು.

"ಹ್ಞಾ, ಹೇಳಿ... ಇಲ್ಲ, ತವರಿಗೆ ಹೋಗಿಲ್ಲ. ದೊಡ್ಡಬಳ್ಳಾಪುರದಲ್ಲಿದೀವಿ. ಅವಳು ಕಾಲೇಜ್ ಒಳಗವ್ಳೆ, ಸರ್ಕಾರಿ ಕೆಲ್ಸದ್ ಪರೀಕ್ಷೆ ಬರೀತಾವ್ಳೆ... ಅವಳಲ್ಲ, ನಾನೇ ಕರ್ಕೊಂಡ್ ಬಂದೆ."

ಆ ಕಡೆಯ ಕೂಗು ಫೋನಿನಿಂದ ಆಚೆ ಬಂದು ನನಗೂ ಕೇಳಿಸುತ್ತಿತ್ತು. ಟೀ ಅಂಗಡಿಯವನು ತಿರುಗಿ ನೋಡಿದ. ಅತ್ತೆ ಫೋನನ್ನು ಕಿವಿಯ ಹತ್ತಿರದಿಂದ ದೂರ ಹಿಡಿಯಲೂ ಇಲ್ಲ, ಇಡಲೂ ಇಲ್ಲ. ನೆರಳಿನಲ್ಲಿದ್ದ ಬೆಂಚಿನ ಮೇಲೆ ಕೂತು, ಊಟದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗೇಟಿನ ಕಡೆ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ಬೈಕೊಳ್ಳಿ" ಅಂದರು. "ಅವಳು ಆಚೆ ಬರೋಗಂಟ ನನ್ನೇ ಬೈಕೊಳ್ಳಿ. ನಾನ್ ಇಡಲ್ಲ."